ಘೋಷಣೆಯೂ ವ್ರತವೂ: ವಿಶ್ವವಿದ್ಯಾಲಯಗಳ ಪರಿಸರ ಪ್ರತಿಜ್ಞೆಗಳನ್ನು ಕುರಿತು ಒಂದು ವಿಮರ್ಶೆ

1990ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಯುರೋಪಿನ ಎರಡು ಸ್ಥಳಗಳಿಂದ ಪರಿಸರವನ್ನು ಕುರಿತ ಎರಡು ಘೋಷಣಾ ಪತ್ರಗಳು ಲೋಕದ ಮುಂದೆ ಬಂದವು. ಒಂದು, ಫ್ರಾನ್ಸ್ ದೇಶದ ತಾಲ್ವಾರ್ ಎಂಬ ಸಣ್ಣ ಊರಿನಲ್ಲಿ ರೂಪುಗೊಂಡದ್ದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ, ಪೋಷಣಾಶಾಸ್ತ್ರದಲ್ಲಿ ಹೆಸರಾದ ಜ್ಯಾಂ ಮೇಯರ್ ಅವರ ಆಹ್ವಾನದ ಮೇರೆಗೆ ನಾನಾ ದೇಶಗಳ 22 ಮಂದಿ ವಿಶ್ವವಿದ್ಯಾಲಯ ಮುಖ್ಯಸ್ಥರು ಅಲ್ಲಿ ಸೇರಿ, ಪರಿಸರದ ವಿಷಯದಲ್ಲಿ ತಮ್ಮ ಸಂಸ್ಥೆಗಳ ಕರ್ತವ್ಯಗಳನ್ನು ಹತ್ತು ಅಂಶಗಳಲ್ಲಿ ಅಡಕಗೊಳಿಸಿದರು. ಇನ್ನೊಂದು, ಅದೇ ತಿಂಗಳ 23ರಂದು ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆಯಲ್ಲಿ ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿತವಾದ, ಡಾ. ಎಲ್. ಎಂ. ಸಿಂಘ್ವಿಯವರು ರಚಿಸಿದ ಪ್ರಕೃತಿಯನ್ನು ಕುರಿತ ಜೈನ ಘೋಷಣೆ.

ಎರಡನ್ನೂ ನಾನು ಅನೇಕ ಸಲ ಓದಿದ್ದೇನೆ. ಎರಡರ ಆಶಯವೂ ಉದಾತ್ತವಾದದ್ದು. ಆದರೆ ಇವು ಹೊರಬಂದ ವರ್ಷ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 354 ಭಾಗಗಳಷ್ಟಿತ್ತು; 2024ರಲ್ಲಿ ಅದು ಸುಮಾರು 424ಕ್ಕೆ ಏರಿತು. ಈ ಏರಿಕೆಗೆ ವಿಶ್ವವಿದ್ಯಾಲಯಗಳಾಗಲಿ ಒಂದು ಸಣ್ಣ ಸಮುದಾಯವಾಗಲಿ ಕಾರಣವೆಂದು ಹೇಳಲಾಗದು. ಆದರೂ ಇಷ್ಟು ಜ್ಞಾನವಿದ್ದು, ಇಷ್ಟು ಸದಾಶಯವಿದ್ದು, ಪ್ರತಿಜ್ಞೆ ಮಾಡಿದವರ ಮನೆಯಲ್ಲಿಯೇ ಏನು ಬದಲಾಯಿತೆಂಬ ಪ್ರಶ್ನೆಯನ್ನು ಕೇಳದೆ ಇರುವುದು ಸರಿಯಲ್ಲ. ಪ್ರಸ್ತುತ ಲೇಖನದ ಉದ್ದೇಶ ಇಷ್ಟೇ: ವಿಶ್ವವಿದ್ಯಾಲಯವೆಂಬ ದೊಡ್ಡ ಕುಟುಂಬವನ್ನು, ಅಂದರೆ ವಿದ್ಯಾರ್ಥಿ, ಅಧ್ಯಾಪಕ, ಗುಮಾಸ್ತ, ಅಡುಗೆಯವ, ಆಡಳಿತಗಾರ ಇವರೆಲ್ಲರನ್ನೂ, ಪರಿಸರ ಕಾರ್ಯದಲ್ಲಿ ತೊಡಗಿಸಲು ಬರೆಯಲಾದ ಕೆಲವು ಪತ್ರಗಳನ್ನು ಪರಿಶೀಲಿಸುವುದು. ನಾನು ವಿಜ್ಞಾನಿಯಲ್ಲ, ಪಂಡಿತನೂ ಅಲ್ಲ. ಬಿ.ಕಾಂ. ಓದಿ ನಾಲ್ಕು ದಶಕ ಅಂಗಡಿಯ ಖಾತಾಪುಸ್ತಕ ಬರೆದವನು. ಆದ್ದರಿಂದ ನನ್ನ ವಿಮರ್ಶೆಯಲ್ಲಿ ವ್ಯಾಪಾರಿಯ ದೃಷ್ಟಿ ಕಂಡುಬಂದರೆ ವಾಚಕರು ಮನ್ನಿಸಬೇಕು.

ತಾಲ್ವಾರ್ ಪತ್ರದ ಗುಣದೋಷ

ಮೊದಲು ಗುಣವನ್ನು ಹೇಳುವುದು ಧರ್ಮ. ಪರಿಸರವೆಂದರೆ ಸಸ್ಯಶಾಸ್ತ್ರ ವಿಭಾಗದ ಕೆಲಸವೆಂದು ಭಾವಿಸಿದ್ದ ಕಾಲದಲ್ಲಿ, ಅದು ಎಲ್ಲ ವಿಭಾಗಗಳ ಕೆಲಸವೆಂದು ಈ ಪತ್ರ ಸಾರಿತು. ವೈದ್ಯನಾಗುವವನಿಗೂ, ವಕೀಲನಾಗುವವನಿಗೂ, ವ್ಯಾಪಾರ ಕಲಿಯುವವನಿಗೂ ಪರಿಸರದ ಅಕ್ಷರಜ್ಞಾನ ಬೇಕೆಂದಿತು. ಅದಕ್ಕಿಂತ ಮುಖ್ಯವಾದದ್ದು ಅದರ ಐದನೆಯ ಅಂಶ. ವಿಶ್ವವಿದ್ಯಾಲಯವು ಬೋಧಿಸಿದರೆ ಸಾಲದು, ತನ್ನ ಆವರಣದಲ್ಲಿಯೇ ಸಂಪನ್ಮೂಲಗಳನ್ನು ಉಳಿಸಿ, ತ್ಯಾಜ್ಯವನ್ನು ತಗ್ಗಿಸಿ, ತಾನೇ ಮಾದರಿಯಾಗಬೇಕು ಎಂಬುದು ಅದರ ತಾತ್ಪರ್ಯ. ಈ ಪತ್ರಕ್ಕೆ ಮುಂದೆ 500ಕ್ಕೂ ಹೆಚ್ಚು ಸಂಸ್ಥೆಗಳು ಸಹಿ ಹಾಕಿದವು.

ಇನ್ನು ದೋಷ. ಹತ್ತೂ ಅಂಶಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಎಷ್ಟು, ಯಾವಾಗ, ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಹೆಚ್ಚಿಸಬೇಕು, ಬೆಳೆಸಬೇಕು, ಪ್ರೋತ್ಸಾಹಿಸಬೇಕು, ಸಹಕರಿಸಬೇಕು ಎಂಬ ಕ್ರಿಯಾಪದಗಳೇ ತುಂಬಿವೆ. ಎಷ್ಟು ಕಲ್ಲಿದ್ದಲು, ಎಷ್ಟು ನೀರು, ಯಾವ ವರ್ಷದೊಳಗೆ ಎಂಬುದಿಲ್ಲ. ಹತ್ತನೆಯ ಅಂಶದಲ್ಲಿ ಒಂದು ಕಾರ್ಯಾಲಯವನ್ನೂ ಸಮಿತಿಯನ್ನೂ ರಚಿಸಿ, ಪರಸ್ಪರರ ಪ್ರಯತ್ನಗಳನ್ನು ತಿಳಿಸಿಕೊಳ್ಳಬೇಕೆಂದು ಇದೆ. ತಿಳಿಸದಿದ್ದರೆ ಏನು, ತಿಳಿಸಿದ್ದು ತಪ್ಪಾಗಿದ್ದರೆ ಏನು ಎಂಬುದಿಲ್ಲ. ನಮ್ಮ ಪೇಟೆಯಲ್ಲಿ ಇಂತಹ ಕಾಗದದ ಮೇಲೆ ಯಾರೂ ಒಂದು ಮೂಟೆ ಅಕ್ಕಿಯನ್ನೂ ಸಾಲ ಕೊಡುವುದಿಲ್ಲ. ಮೊಬಲಗು, ವಾಯಿದೆ, ಸಹಿ ಈ ಮೂರೂ ಇದ್ದಾಗಲೇ ಅದು ಕರಾರು. ಸಹಿಯೊಂದೇ ಇದ್ದರೆ ಅದು ಶುಭಾಶಯ ಪತ್ರ.

ಅಳತೆಗೋಲು ಯಾವುದು

ಪ್ರತಿಜ್ಞೆಯನ್ನು ಅಳೆಯಲು ನಮ್ಮ ಮನೆಗಳಲ್ಲಿ ಒಂದು ಹಳೆಯ ಅಳತೆಗೋಲಿದೆ. ಶ್ರಾವಕನು ಸ್ವೀಕರಿಸುವ ಪರಿಗ್ರಹ ಪರಿಮಾಣ ವ್ರತದಲ್ಲಿ ದುರಾಸೆ ಪಡುವುದಿಲ್ಲವೆಂದು ಹೇಳಿದರೆ ಸಾಲದು. ಹೊಲ ಎಷ್ಟು, ಮನೆ ಎಷ್ಟು, ಧಾನ್ಯ ಎಷ್ಟು, ಚಿನ್ನ ಎಷ್ಟು ಎಂದು ಪರಿಮಾಣವನ್ನು ನಿರ್ಧರಿಸಿಕೊಳ್ಳಬೇಕು. ದಿಗ್‌ವ್ರತದಲ್ಲಿ ಯಾವ ದಿಕ್ಕಿಗೆ ಎಷ್ಟು ದೂರ ಹೋಗುವೆನೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪ್ರತಿಯೊಂದು ವ್ರತಕ್ಕೂ ಐದು ಅತಿಚಾರಗಳನ್ನು ಹೇಳಲಾಗಿದೆ. ಅಂದರೆ ಮನುಷ್ಯನು ವ್ರತವನ್ನು ಮುರಿಯದಂತೆ ತೋರಿಸಿಕೊಂಡೇ ಅದನ್ನು ಹೇಗೆ ಮುರಿಯುತ್ತಾನೆಂಬುದನ್ನು ಹಿರಿಯರು ಮೊದಲೇ ಊಹಿಸಿದ್ದರು. ಇದೆಲ್ಲದರ ಮೇಲೆ ಪ್ರತಿಕ್ರಮಣವಿದೆ. ಅದು ದಿನದ, ಪಕ್ಷದ, ವರ್ಷದ ಆತ್ಮಲೆಕ್ಕ.

ಪರಿಮಾಣ, ಅತಿಚಾರಗಳ ಅರಿವು, ಪ್ರತಿಕ್ರಮಣ ಈ ಮೂರೂ ಇದ್ದರೆ ಅದು ವ್ರತ. ಇಲ್ಲವಾದರೆ ಘೋಷಣೆ. ಈ ಅಳತೆಗೋಲನ್ನು ಹಿಡಿಯುವಾಗ ಅದನ್ನು ನಮ್ಮ ಮೇಲೂ ಹಿಡಿಯಬೇಕಾಗುತ್ತದೆ. ಅರಮನೆಯಲ್ಲಿ ಅರ್ಪಿತವಾದ ನಮ್ಮ ಘೋಷಣೆಯಲ್ಲಿ ಅಣುವ್ರತಗಳ ವಿವರಣೆ ಸುಂದರವಾಗಿದೆ. ಆದರೆ ಅದನ್ನು ಆಧರಿಸಿ ತಮ್ಮ ವಿದ್ಯುತ್ತಿನ, ನೀರಿನ, ಡೀಸೆಲ್ಲಿನ ಪರಿಮಾಣವನ್ನು ಗೊತ್ತುಮಾಡಿಕೊಂಡ ಸಂಸ್ಥೆಗಳು ನನ್ನ ಪರಿಚಯದ ವಲಯದಲ್ಲಿ ಒಂದೂ ಇಲ್ಲ. ನಾನು ಸೇವೆ ಸಲ್ಲಿಸಿದ ಸಂಸ್ಥೆಯೂ ಇದಕ್ಕೆ ಹೊರತಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಲೆಕ್ಕದ ಕಡೆಗೆ ಒಂದು ಹೆಜ್ಜೆ

ತಾಲ್ವಾರ್ ಪತ್ರದ ಕೊರತೆಯನ್ನು ಅಮೆರಿಕದ ಶಿಕ್ಷಣ ಸಂಸ್ಥೆಗಳೇ ಕಂಡುಕೊಂಡವೆಂದು ತೋರುತ್ತದೆ. 2007ರಲ್ಲಿ ಅಲ್ಲಿನ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಅಧ್ಯಕ್ಷರ ಹವಾಮಾನ ಪ್ರತಿಜ್ಞೆ ಎಂಬ ಹೊಸ ಪತ್ರ ಜಾರಿಗೆ ಬಂದಿತು. ಇದರಲ್ಲಿ ವಾಯಿದೆಗಳಿವೆ. ಸಹಿ ಹಾಕಿದ ಒಂದು ವರ್ಷದೊಳಗೆ ಸಂಸ್ಥೆಯು ತಾನು ಹೊರಬಿಡುವ ಹಸಿರುಮನೆ ಅನಿಲಗಳ ಪೂರ್ಣ ಲೆಕ್ಕವನ್ನು ತಯಾರಿಸಬೇಕು. ಎರಡು ವರ್ಷಗಳೊಳಗೆ ಅದನ್ನು ಇಳಿಸುವ ಯೋಜನೆಯನ್ನೂ ಗುರಿಯ ವರ್ಷವನ್ನೂ ನಿಗದಿಪಡಿಸಬೇಕು. ಇವೆರಡನ್ನೂ ಸಾರ್ವಜನಿಕರ ಮುಂದಿಡಬೇಕು. ಲೆಕ್ಕದಲ್ಲಿ ಬಾಯ್ಲರು, ವಿದ್ಯುತ್ತು ಮಾತ್ರವಲ್ಲದೆ ವಿದ್ಯಾರ್ಥಿ ಮತ್ತು ನೌಕರರ ದಿನನಿತ್ಯದ ಓಡಾಟವೂ, ಸಂಸ್ಥೆಯ ಖರ್ಚಿನಲ್ಲಿ ನಡೆಯುವ ವಿಮಾನಯಾನವೂ ಸೇರಿದ್ದವು. ಹವಾಮಾನದ ಮೇಲಿನ ವಿಚಾರಗೋಷ್ಠಿಗಾಗಿ ಸಾಗರಗಳನ್ನು ದಾಟಿ ಹಾರುವ ಪ್ರಾಧ್ಯಾಪಕರ ಪಯಣವನ್ನೂ ಖಾತೆಯಲ್ಲಿ ಬರೆಯಬೇಕೆಂದದ್ದು ನನಗೆ ಬಹಳ ಮೆಚ್ಚುಗೆಯಾಯಿತು. ದಿಗ್‌ವ್ರತದ ಹೆಸರನ್ನು ಕೇಳದವರು ಅದರ ನೆರಳಿಗೆ ಬಂದು ನಿಂತಿದ್ದರು.

ಇಂತಹ ಪ್ರತಿಜ್ಞೆ ಒಂದು ಸಂಸ್ಥೆಯಲ್ಲಿ ಹೇಗೆ ನಡೆಯಿತೆಂಬುದಕ್ಕೆ ವರ್ಮಾಂಟ್ ಪ್ರಾಂತ್ಯದ ಮಿಡಲ್‌ಬರಿ ಕಾಲೇಜಿನ ಉದಾಹರಣೆ ಪರಿಶೀಲನೆಗೆ ಯೋಗ್ಯವಾಗಿದೆ. ಅಲ್ಲಿ ಕೆಲಸ ಆರಂಭವಾದದ್ದು ಮೇಲಿನಿಂದಲ್ಲ. 2003ರ ಚಳಿಗಾಲದ ಅವಧಿಯ ಒಂದು ತರಗತಿಯಲ್ಲಿ ವಿದ್ಯಾರ್ಥಿಗಳು ತಮ್ಮ ಕಾಲೇಜು ಎಷ್ಟು ಇಂಗಾಲವನ್ನು ಹೊರಬಿಡುತ್ತದೆ, ಅದನ್ನು ಹೇಗೆ ಇಳಿಸಬಹುದು ಎಂಬುದನ್ನೇ ಪಾಠವನ್ನಾಗಿ ಮಾಡಿಕೊಂಡರು. ಮುಂದಿನ ತಂಡಗಳು ಆ ಲೆಕ್ಕವನ್ನು ಬೆಳೆಸಿ, ಪ್ರಸ್ತಾವದ ರೂಪದಲ್ಲಿ ಧರ್ಮದರ್ಶಿಗಳಿಗೆ ಸಮಾನರಾದ ಅಲ್ಲಿನ ಟ್ರಸ್ಟಿಗಳ ಮುಂದಿಟ್ಟವು. 2016ರೊಳಗೆ ಇಂಗಾಲದ ಜಮಾ ಮತ್ತು ಖರ್ಚು ಸರಿದೂಗಬೇಕೆಂಬ ನಿರ್ಣಯವನ್ನು 2007ರಲ್ಲಿ ಟ್ರಸ್ಟಿಗಳು ಅಂಗೀಕರಿಸಿದರು. ವರ್ಷಕ್ಕೆ ಸುಮಾರು 20 ಲಕ್ಷ ಗ್ಯಾಲನ್ ತೈಲವನ್ನು ಸುಡುತ್ತಿದ್ದ ಆ ಚಳಿಪ್ರದೇಶದ ಕಾಲೇಜು 2009ರಲ್ಲಿ ಸುಮಾರು 120 ಲಕ್ಷ ಡಾಲರ್ ವೆಚ್ಚದಲ್ಲಿ ಮರದ ಚಕ್ಕೆಗಳಿಂದ ಶಾಖವನ್ನು ಉತ್ಪಾದಿಸುವ ಸ್ಥಾವರವನ್ನು ಆರಂಭಿಸಿ, ತೈಲದ ಬಳಕೆಯನ್ನು ಸರಿಸುಮಾರು ಅರ್ಧಕ್ಕೆ ಇಳಿಸುವ ಕೆಲಸ ಮಾಡಿತು. 2016ರ ಡಿಸೆಂಬರಿನಲ್ಲಿ ಗುರಿ ಮುಟ್ಟಿದೆವೆಂದು ಪ್ರಕಟಿಸಿತು.

ಇಲ್ಲಿ ವ್ಯಾಪಾರಿಯ ಒಂದು ಆಕ್ಷೇಪಣೆಯಿದೆ. ಗುರಿ ಮುಟ್ಟಲು ಉಳಿದ ಕೊರತೆಯನ್ನು ತುಂಬಿದ್ದು ಬ್ರೆಡ್ ಲೋಫ್ ಎಂಬಲ್ಲಿನ ಕಾಲೇಜಿನ ಅರಣ್ಯ. 1915ರಲ್ಲಿ ನಿಧನರಾದ ಜೋಸೆಫ್ ಬ್ಯಾಟೆಲ್ ಎಂಬ ದಾನಿ ಆ ಭೂಮಿಯನ್ನು ಕಾಲೇಜಿಗೆ ಬಿಟ್ಟುಹೋಗಿದ್ದರು. ಅದರಲ್ಲಿ 2,100 ಎಕರೆಯನ್ನು 2014ರಲ್ಲಿ ಶಾಶ್ವತ ಸಂರಕ್ಷಣೆಗೆ ಒಳಪಡಿಸಿ, ಅಲ್ಲಿನ ಮರಗಳು ಹೀರುವ ಇಂಗಾಲವನ್ನು ಜಮಾ ಕಡೆಗೆ ಬರೆದುಕೊಳ್ಳಲಾಯಿತು. ಮರ ಕಡಿಯದಿರುವುದು ಪುಣ್ಯದ ಕೆಲಸವೇ. ಆದರೆ ನೂರು ವರ್ಷಗಳಿಂದ ಮನೆಯಲ್ಲಿದ್ದ ಅಜ್ಜನ ಆಸ್ತಿಯನ್ನು ಈ ವರ್ಷದ ಲಾಭವೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಿದರೆ ಲೆಕ್ಕಪರಿಶೋಧಕನು ಕನ್ನಡಕವನ್ನು ಸರಿಪಡಿಸಿಕೊಂಡು ಮತ್ತೊಮ್ಮೆ ನೋಡುತ್ತಾನೆ. ಚಿಮಣಿಯಿಂದ ಹೊರಟ ಹೊಗೆ ಅರಣ್ಯದ ಹೆಸರು ಕೇಳಿ ಹಿಂದಿರುಗುವುದಿಲ್ಲ. ಇದು ಅತಿಚಾರದ ಲಕ್ಷಣ: ವ್ರತ ಮುರಿದಿಲ್ಲ, ಆದರೆ ಅದರ ಅಂಚು ಸವೆದಿದೆ.

ಆದರೂ ಮಿಡಲ್‌ಬರಿಯನ್ನು ನಾನು ತಾಲ್ವಾರ್ ಪತ್ರಕ್ಕಿಂತ ಮೇಲೆಂದು ಎಣಿಸುತ್ತೇನೆ. ಕಾರಣ, ಲೆಕ್ಕ ಬಹಿರಂಗವಾಗಿದ್ದುದರಿಂದಲೇ ಸಾವಿರಾರು ಮೈಲಿ ದೂರದ ನನ್ನಂತಹವನೂ ಅದರ ಒಂದು ಬಾಬತ್ತನ್ನು ಪ್ರಶ್ನಿಸಲು ಸಾಧ್ಯವಾಯಿತು. ಲೆಕ್ಕವೇ ಇಲ್ಲದವರಲ್ಲಿ ತಪ್ಪು ಹುಡುಕಲು ಬರುವುದಿಲ್ಲ. ಆ ಕಾಲೇಜೂ ಗುರಿ ಮುಟ್ಟಿದೆವೆಂದು ಕುಳಿತುಕೊಳ್ಳಲಿಲ್ಲ. 2019ರಲ್ಲಿ ಹೊಸ ನಿರ್ಣಯ ಕೈಗೊಂಡು, 2028ರೊಳಗೆ ಶಕ್ತಿಯ ಬಳಕೆಯನ್ನೇ ಶೇಕಡ 25ರಷ್ಟು ತಗ್ಗಿಸುವುದಾಗಿ ಹೇಳಿತು. ಸರಿದೂಗಿಸುವುದಕ್ಕಿಂತ ಕಡಿಮೆ ಮಾಡುವುದು ದೊಡ್ಡದೆಂಬ ಅರಿವು ತಡವಾಗಿಯಾದರೂ ಬಂದಿತು.

ನಮ್ಮ ದೇಶದ ಪಠ್ಯಕ್ರಮ

ಈಗ ನಮ್ಮ ಮಕ್ಕಳು ಓದಿದ ಪುಸ್ತಕಕ್ಕೆ ಬರೋಣ. ವಕೀಲರಾದ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರಿನಲ್ಲಿ, ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಪರಿಸರವನ್ನು ಬೋಧಿಸಬೇಕೆಂದು ನಿರ್ದೇಶಿಸಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಕಡ್ಡಾಯ ಪರಿಸರ ಅಧ್ಯಯನವನ್ನು ರೂಪಿಸಿತು. ಪುಣೆಯ ಡಾ. ಎರಾಕ್ ಭರೂಚಾ ಅವರು ಅದಕ್ಕೆ ಪಠ್ಯಪುಸ್ತಕವನ್ನು ಬರೆದರು. ಆ ಪುಸ್ತಕ ವಿಷಯಸಮೃದ್ಧವಾದದ್ದು. ನಮ್ಮ ದೇಶದ ಕಾಡು, ಹುಲ್ಲುಗಾವಲು, ಕೆರೆಗಳನ್ನು ಸ್ವತಃ ನಡೆದು ನೋಡಿದವರ ಬರಹವೆಂಬುದು ತಿಳಿಯುತ್ತದೆ. ಎಂಟು ಘಟಕಗಳ ಆ ಪಠ್ಯಕ್ರಮದಲ್ಲಿ ಪರಿಸರ ನೀತಿಶಾಸ್ತ್ರಕ್ಕೂ, ಹವಾಮಾನ ಬದಲಾವಣೆಗೂ ಸ್ಥಾನವಿತ್ತು.

ಆದರೆ 50 ಪಾಠಗಳಲ್ಲಿ ಕ್ಷೇತ್ರಕಾರ್ಯಕ್ಕೆ ಮೀಸಲಾದದ್ದು ಐದು. ಆ ಐದರಲ್ಲಿ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ನದಿ, ಕಾಡು ಅಥವಾ ಬೆಟ್ಟಕ್ಕೆ. ಮಲಿನಗೊಂಡ ಒಂದು ಸ್ಥಳಕ್ಕೆ. ಗಿಡ, ಕೀಟ, ಹಕ್ಕಿಗಳನ್ನು ನೋಡಲು. ಕೊಳ ಅಥವಾ ಗುಡ್ಡದ ಇಳಿಜಾರಿಗೆ. ಪಟ್ಟಿ ಒಳ್ಳೆಯದೇ. ಆದರೆ ಅದರಲ್ಲಿ ಇಲ್ಲದ ಒಂದು ಸ್ಥಳವನ್ನು ಗಮನಿಸಬೇಕು. ಅದು ವಿದ್ಯಾರ್ಥಿ ಕುಳಿತಿರುವ ಕಾಲೇಜು. ಅದರ ಜನರೇಟರ್ ಇಲ್ಲ, ಹಾಸ್ಟೆಲಿನ ಅಡುಗೆಮನೆ ಇಲ್ಲ, ಪ್ರಯೋಗಾಲಯದ ಚರಂಡಿ ಇಲ್ಲ. ಮಾಲಿನ್ಯವೆಂಬುದು ಬಸ್ಸು ಹತ್ತಿ ಹೋಗಿ ನೋಡಬೇಕಾದ ಬೇರೆಯವರ ದೋಷವಾಯಿತು. ಈ ಒಂದು ಲೋಪದಿಂದ ಇಡೀ ಪಠ್ಯ ಪರೀಕ್ಷೆಯ ಮೊದಲ ರಾತ್ರಿ ಓದಿ ಮರೆಯುವ ವಿಷಯವಾಗಿಬಿಟ್ಟಿತೆಂಬುದು ನನ್ನ ಅಭಿಪ್ರಾಯ. ನನ್ನ ಇಬ್ಬರು ಮೊಮ್ಮಕ್ಕಳು ಅದರಲ್ಲಿ ಉತ್ತಮ ಅಂಕಗಳನ್ನು ಪಡೆದರು. ತಮ್ಮ ಕಾಲೇಜಿನ ನೀರು ಎಲ್ಲಿಂದ ಬರುತ್ತದೆಂದು ಕೇಳಿದಾಗ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು.

2023ರಲ್ಲಿ ಆಯೋಗವು ನಾಲ್ಕು ಕ್ರೆಡಿಟ್ಟುಗಳ ಹೊಸ ಪಠ್ಯ ಚೌಕಟ್ಟನ್ನು ಹೊರಡಿಸಿ ಹವಾಮಾನ ಬದಲಾವಣೆಗೆ ಹೆಚ್ಚಿನ ಸ್ಥಾನ ಕೊಟ್ಟಿದೆ. ಅದಕ್ಕೂ ಮೊದಲೇ, ಕಾಲೇಜುಗಳಿಗೆ ದರ್ಜೆ ನೀಡುವ ನ್ಯಾಕ್ ಸಂಸ್ಥೆಯು ತನ್ನ ಏಳನೆಯ ಮಾನದಂಡದಲ್ಲಿ ಹಸಿರು ಲೆಕ್ಕಪರಿಶೋಧನೆ, ಶಕ್ತಿ ಲೆಕ್ಕಪರಿಶೋಧನೆ ನಡೆದಿದೆಯೇ ಎಂದು ಕೇಳತೊಡಗಿತು. ಇದು ಸರಿಯಾದ ಪ್ರಶ್ನೆ. ಆದರೆ ನಾನು ಕಂಡ ಕೆಲವು ಕಡೆ ಹೊರಗಿನವರೊಬ್ಬರು ಎರಡು ದಿನ ಬಂದು, ಬಲ್ಬುಗಳನ್ನು ಎಣಿಸಿ, ಪ್ರಮಾಣಪತ್ರ ಕೊಟ್ಟು ಹೋಗುತ್ತಾರೆ. ಅದು ಪ್ರಾಂಶುಪಾಲರ ಕೊಠಡಿಯ ಗೋಡೆಯನ್ನು ಅಲಂಕರಿಸುತ್ತದೆ. ವಿದ್ಯಾರ್ಥಿಗಳಿಗೆ ಅದರಲ್ಲಿ ಬರೆದದ್ದೇನೆಂದು ತಿಳಿಯದು. ತರಗತಿಯಲ್ಲಿ ಪಠ್ಯವಿದೆ, ಕಚೇರಿಯಲ್ಲಿ ಲೆಕ್ಕವಿದೆ. ಇವೆರಡರ ನಡುವಿನ ಬಾಗಿಲು ಮುಚ್ಚಿದೆ.

ಅದನ್ನು ತೆರೆಯಬಹುದೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮಘಟ್ಟದ ಜೀವವೈವಿಧ್ಯವನ್ನು ದಾಖಲಿಸುವ ಕೆಲಸಕ್ಕೆ ಸಾಮಾನ್ಯ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಜೊತೆಗೂಡಿಸಿಕೊಂಡರು. ವಿದ್ಯಾರ್ಥಿ ಅಲ್ಲಿ ಓದುವವನಾಗಿರಲಿಲ್ಲ, ದಾಖಲಿಸುವವನಾಗಿದ್ದ. ಕಣ್ಣಿಂದ ನೋಡಿ ಕೈಯಿಂದ ಎಣಿಸಿದ್ದು ಮರೆಯುವುದಿಲ್ಲ. ಕಾಡಿನಲ್ಲಿ ಮಾಡಿದ ಆ ಕೆಲಸವನ್ನು ಕಟ್ಟಡದೊಳಗೆ ಮಾಡಲು ಅಡ್ಡಿಯೇನು?

ಒಂದು ತಪ್ಪೊಪ್ಪಿಗೆ

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳದಿದ್ದರೆ ಈ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ. ನಾನು ಕೆಲವು ವರ್ಷ ಒಂದು ವಿದ್ಯಾರ್ಥಿನಿಲಯದ ಖಜಾಂಚಿಯಾಗಿದ್ದೆ. ಪ್ರತಿವರ್ಷ ಜೂನ್ 5ರಂದು ಗಣ್ಯರನ್ನು ಕರೆಸಿ ಸಸಿ ನೆಡಿಸುತ್ತಿದ್ದೆವು. ವಾರ್ಷಿಕ ವರದಿಯಲ್ಲಿ ಭಾವಚಿತ್ರ ಅಚ್ಚಾಗುತ್ತಿತ್ತು. ಒಂದು ವರ್ಷದ ಸಭೆಯಲ್ಲಿ ಬಿ.ಕಾಂ. ಎರಡನೆಯ ವರ್ಷದ ಹುಡುಗನೊಬ್ಬ ಎದ್ದು ನಿಂತು, "ಸಾರ್, ನೆಟ್ಟ ಗಿಡಗಳ ಸಂಖ್ಯೆ ವರದಿಯಲ್ಲಿದೆ. ಬದುಕಿದ ಗಿಡಗಳ ಸಂಖ್ಯೆ ಎಲ್ಲಿದೆ? ಜನರೇಟರಿನ ಡೀಸೆಲ್ ಯಾವ ಬಾಬತ್ತಿನಲ್ಲಿದೆ?" ಎಂದು ಕೇಳಿದ. ಡೀಸೆಲ್ಲನ್ನು ಇತರೆ ಖರ್ಚಿನಲ್ಲಿ ಸೇರಿಸಿದ್ದವನು ನಾನೇ. ಕಳೆದ ವರ್ಷದ ಗುಂಡಿಗಳಲ್ಲಿಯೇ ಈ ವರ್ಷವೂ ಸಸಿ ನೆಟ್ಟದ್ದು ನನಗೆ ಗೊತ್ತಿತ್ತು. ಆದರೂ, "ಊಟ ವಸತಿ ಪಡೆಯುವವರು ಮೊದಲು ಕೃತಜ್ಞತೆಯನ್ನು ಕಲಿಯಬೇಕು" ಎಂದು ಹೇಳಿ ಅವನನ್ನು ಕೂರಿಸಿದೆ. ಸಭೆ ಚಪ್ಪಾಳೆ ತಟ್ಟಿತು. ಆ ಹುಡುಗ ಮುಂದಿನ ಸಭೆಗಳಿಗೆ ಬರಲಿಲ್ಲ.

ಅವನು ಕೇಳಿದ್ದು ಲೆಕ್ಕಶಾಸ್ತ್ರದ ಮೊದಲನೆಯ ಪಾಠ. ಅದನ್ನು ನಾನೂ ಅದೇ ವಯಸ್ಸಿನಲ್ಲಿ ಕಲಿತಿದ್ದೆ. ಆ ವರ್ಷದ ಕ್ಷಮಾವಣಿಯಂದು ಎಲ್ಲರಲ್ಲಿಯೂ ಕ್ಷಮೆ ಕೇಳಿದೆ, ಅವನೊಬ್ಬನನ್ನು ಬಿಟ್ಟು. ಮರುವರ್ಷ ವಿಳಾಸ ಹುಡುಕಿ ಪತ್ರ ಬರೆದೆ. ಉತ್ತರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕವನ್ನು ವಿದ್ಯಾರ್ಥಿಗಳ ಕೈಯಲ್ಲಿಯೇ ಬರೆಸಿ ನೋಡಿ ಎಂಬ ಒಂದು ಸಲಹೆ ಮಾತ್ರ ಇತ್ತು.

ವಿಶ್ವವಿದ್ಯಾಲಯದ ಸಮುದಾಯವನ್ನು ತೊಡಗಿಸುವುದು ಹೇಗೆಂಬ ಪ್ರಶ್ನೆಗೆ ದೊಡ್ಡ ಪತ್ರಗಳಲ್ಲಿ ಸಿಗದ ಉತ್ತರ ನನಗೆ ಆ ಸಾಲಿನಲ್ಲಿ ಸಿಕ್ಕಿತು. ಜಾಗೃತಿ ಮೊದಲು, ಲೆಕ್ಕ ಆಮೇಲೆ ಎಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಲೆಕ್ಕ ಬರೆಯುವವನಿಗೆ ಜಾಗೃತಿ ತಾನಾಗಿ ಬರುತ್ತದೆ.

ಏನು ಮಾಡಬಹುದು

ಇದಕ್ಕೆ ದೊಡ್ಡ ವಿದ್ವತ್ತು ಬೇಡ. ನಮ್ಮ ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕಿಲೋಗ್ರಾಂ. ಒಂದು ಕಿಲೋಗ್ರಾಂ ಅಡುಗೆ ಅನಿಲಕ್ಕೆ ಸುಮಾರು 3 ಕಿಲೋಗ್ರಾಂ. ತಿಂಗಳಿಗೆ 3,000 ಯೂನಿಟ್ ವಿದ್ಯುತ್ತು, 100 ಲೀಟರ್ ಡೀಸೆಲ್, 19 ಕಿಲೋಗ್ರಾಮಿನ 10 ಸಿಲಿಂಡರ್ ಬಳಸುವ ಒಂದು ವಿದ್ಯಾರ್ಥಿನಿಲಯವನ್ನು ಊಹಿಸಿಕೊಳ್ಳಿ. ವಿದ್ಯುತ್ತಿನಿಂದ 2,100, ಡೀಸೆಲ್ಲಿನಿಂದ 270, ಅನಿಲದಿಂದ 570. ಒಟ್ಟು 2,940 ಕಿಲೋಗ್ರಾಂ. ವರ್ಷಕ್ಕೆ 35 ಟನ್ನಿಗಿಂತ ಹೆಚ್ಚು. ಪಿಯುಸಿ ಓದಿದ ಯಾರೂ ಮಾಡಬಹುದಾದ ಗುಣಾಕಾರ, ಕೂಡಾಕಾರ.

ನಮ್ಮ ಟ್ರಸ್ಟುಗಳ ಪೈಕಿ ಅನೇಕವು ಕಾಲೇಜು, ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಅವರಲ್ಲಿ ನನ್ನ ವಿನಂತಿ ಮೂರು. ವಿದ್ಯುತ್ತು, ಡೀಸೆಲ್, ಅನಿಲ, ನೀರು ಮತ್ತು ಚೆಲ್ಲಿದ ಅನ್ನಕ್ಕೆ ಪ್ರತ್ಯೇಕ ಖಾತೆ ತೆರೆಯಿರಿ. ಇತರೆ ಖರ್ಚಿನಲ್ಲಿ ಸೇರಿಸಬೇಡಿ. ಆ ಖಾತೆಯನ್ನು ಸರದಿಯಂತೆ ವಿದ್ಯಾರ್ಥಿಗಳೇ ಬರೆಯಲಿ, ಅಡುಗೆಯವರೂ ಕಾವಲುಗಾರರೂ ಅವರ ಜೊತೆಗಿರಲಿ. ಮೋಟಾರು ಯಾವ ರಾತ್ರಿ ವ್ಯರ್ಥವಾಗಿ ಓಡಿತೆಂಬುದು ಅಧ್ಯಕ್ಷರಿಗಿಂತ ಕಾವಲುಗಾರನಿಗೆ ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ ಆ ಖಾತೆಯನ್ನು ಸರ್ವಸದಸ್ಯರ ಸಭೆಯಲ್ಲಿ ಓದಿ, ಮುಂದಿನ ವರ್ಷದ ಪರಿಮಾಣವನ್ನು ಅಂಕಿಗಳಲ್ಲಿ ಗೊತ್ತುಮಾಡಿ. ಓದುವ ಕೆಲಸ ವಿದ್ಯಾರ್ಥಿಯದು, ಕೇಳುವ ಕೆಲಸ ಧರ್ಮದರ್ಶಿಗಳದು ಆಗಲಿ.

ತಾಲ್ವಾರ್ ಪತ್ರಕ್ಕೆ ಸಹಿ ಹಾಕಿದವರನ್ನು ನಾನು ಹಳಿಯಲಾರೆ. ಅವರು ಮೊದಲ ಮಾತನ್ನು ಆಡಿದರು. ಆದರೆ ಮಾತು ಖಾತೆಗೆ ಇಳಿಯದಿದ್ದರೆ ಅದರ ಶಿಲ್ಕು ಶೂನ್ಯವೇ. ಇನ್ನೊಂದು ಸಭೆಯಲ್ಲಿ ಇನ್ನೊಬ್ಬ ಹುಡುಗ ಎದ್ದು ನಿಂತು ಡೀಸೆಲ್ಲಿನ ಲೆಕ್ಕ ಕೇಳಿದಾಗ, ನಮ್ಮಲ್ಲಿ ಯಾರಾದರೊಬ್ಬರು ಅವನ ಕೈಗೆ ಖಾತಾಪುಸ್ತಕವನ್ನೇ ಕೊಟ್ಟರೆ ಈ ಲೇಖನ ಬರೆದ ಶ್ರಮ ಸಾರ್ಥಕವೆಂದು ಭಾವಿಸುತ್ತೇನೆ.